ಚಳಿಗಾಲದಲ್ಲಿ ವಿಗ್ಗಿನ ಆರೈಕೆ

ಕೇಳುಗರಿಗೆ ನಮಸ್ಕಾರ.

ನೀವು ವಿಗ್ ಧರಿಸುವವರಾಗಿದ್ದರೆ, ಇವತ್ತು ಸಂಜೆ ಅದನ್ನು ತೆಗೆದಿಟ್ಟ ಮೇಲೆ ಕತ್ತಿನ ಹಿಂಭಾಗಕ್ಕೆ ಬರುವ ಕೂದಲನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ. ನೆತ್ತಿಯ ಮೇಲೆ, ಕಿವಿಯ ಪಕ್ಕದಲ್ಲಿ ಕೂದಲು ನುಣುಪಾಗಿದ್ದು, ಅಲ್ಲಿ ಮಾತ್ರ ಒರಟಾಗಿ, ಹಳೆಯ ಸ್ವೆಟರಿನ ಮೇಲೆ ಏಳುವ ಸಣ್ಣ ಉಂಡೆಗಳ ಹಾಗೆ ಕೈಗೆ ಸಿಕ್ಕಿದರೆ, ಚಳಿಗಾಲ ತನ್ನ ಕೆಲಸ ಶುರುಮಾಡಿದೆ ಎಂದುಕೊಳ್ಳಿ.

ಚಳಿಯೊಂದೇ ವಿಗ್ಗಿಗೆ ಹೆಚ್ಚೇನೂ ಮಾಡುವುದಿಲ್ಲ. ಚಳಿ ತಡೆಯಲು ನಾವು ಹೂಡುವ ಉಪಾಯಗಳು, ಅಂದರೆ ಹೀಟರು, ಮಫ್ಲರು, ಎತ್ತರದ ಕಾಲರು, ಉಣ್ಣೆಯ ಟೋಪಿ, ಇವೇ ಅದನ್ನು ಸವೆಸುತ್ತವೆ. ಲೆಕ್ಕ ನೋಡಿ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ 5 ಗ್ರಾಂ ಆಸುಪಾಸು. ಅದೇ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 17 ಗ್ರಾಂವರೆಗೂ ಹಿಡಿಯುವ ಶಕ್ತಿ ಬರುತ್ತದೆ, ಆದರೆ ಅದರಲ್ಲಿರುವುದು ಅದೇ 5 ಗ್ರಾಂ. ಕೋಣೆಯ ಸಾಪೇಕ್ಷ ತೇವಾಂಶ ಶೇಕಡ 30ಕ್ಕಿಂತ ಕೆಳಗಿಳಿಯಿತು. ಅಷ್ಟು ಒಣಗಿದ ಗಾಳಿಯಲ್ಲಿ ಉಜ್ಜಾಟದಿಂದ ಹುಟ್ಟಿದ ಸ್ಥಿರವಿದ್ಯುತ್ತು ಹರಿದುಹೋಗದೆ ಕೂದಲಿನ ಮೇಲೇ ಕೂರುತ್ತದೆ. ಎಳೆಗಳು ಒಂದನ್ನೊಂದು ದೂಡುತ್ತವೆ, ಕೆನ್ನೆಗೆ ಅಂಟುತ್ತವೆ, ಕಾಲರಿಗೆ ಹತ್ತಿಕೊಳ್ಳುತ್ತವೆ.

ಇಲ್ಲಿ ವಿಗ್ ಯಾವ ಜಾತಿಯದು ಎಂಬುದು ಮುಖ್ಯ. ಮನುಷ್ಯನ ಕೂದಲು ತನ್ನ ತೂಕದ ಸುಮಾರು ಶೇಕಡ 30ರವರೆಗೆ ನೀರು ಹೀರಬಲ್ಲದು. ಗಾಳಿ ಒಣಗಿದಾಗ ಆ ತೇವವನ್ನು ಬಿಟ್ಟುಕೊಟ್ಟು ಗಡುಸಾಗುತ್ತದೆ. ಸಿಂಥೆಟಿಕ್ ವಿಗ್ಗುಗಳಲ್ಲಿ ಬಹುಪಾಲು ಮೋಡಾಕ್ರಿಲಿಕ್ ಎಂಬ ನೂಲಿನವು, ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಅಪರೂಪ. ಹಾಗಾಗಿ ಸ್ಥಿರವಿದ್ಯುತ್ತಿನ ಕಾಟ ಅದಕ್ಕೇ ಹೆಚ್ಚು.

ಮೊದಲು ಆ ಕತ್ತಿನ ಹಿಂಭಾಗಕ್ಕೇ ಬರೋಣ. ತಲೆ ಒಮ್ಮೆ ತಿರುಗಿತೆಂದರೆ ಕಾಲರು ಕೂದಲನ್ನು ಒಮ್ಮೆ ಉಜ್ಜಿತೆಂದೇ ಲೆಕ್ಕ. ಸಿಂಥೆಟಿಕ್ ಎಳೆಯ ಮೈ ಸವೆದು, ತುದಿ ಸುರುಳಿಯಾಗಿ, ಪಕ್ಕದ ಎಳೆಗೆ ಕೊಂಡಿ ಹಾಕಿಕೊಳ್ಳುತ್ತದೆ. ಹೀಗೆ ಸವೆದ ಎಳೆ ಮೊದಲಿನಂತೆ ಆಗುವುದಿಲ್ಲ, ಸಿಕ್ಕು ಬಿಡಿಸಿ ಮುಂದಿನ ಸವೆತ ತಡೆಯಬಹುದು ಅಷ್ಟೆ. ವಿಗ್ಗನ್ನು ಸ್ಟ್ಯಾಂಡಿಗೆ ಹಾಕಿ, ಮೇಲಿನ ಕೂದಲನ್ನು ಕ್ಲಿಪ್ಪಿನಿಂದ ಎತ್ತಿ ಕಟ್ಟಿ. ಕೆಳಗಿನದರಲ್ಲಿ ಒಂದು ಬೆರಳಗಲದ ಎಳೆ ಹಿಡಿದು ನೀರು ಚಿಮುಕಿಸಿ. ಬುಡದ ಹತ್ತಿರ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ, ಎಳೆತ ಕೂದಲು ಕಟ್ಟಿರುವ ಒಳಗಿನ ಜಾಲರಿಗೆ ತಾಗಬಾರದು. ಅಗಲ ಹಲ್ಲಿನ ಬಾಚಣಿಗೆಯನ್ನು ಮೊದಲು ತುದಿಯ ಎರಡು ಅಂಗುಲಕ್ಕಷ್ಟೇ ಆಡಿಸಿ, ಅದು ಸಲೀಸಾದ ಮೇಲೆ ಇನ್ನೆರಡು ಅಂಗುಲ ಮೇಲಕ್ಕೆ ಹೋಗಿ. ಬುಡದಿಂದ ತುದಿಗೆ ಒಂದೇ ಎಳೆತ ಎಳೆದರೆ ಸಿಕ್ಕೆಲ್ಲ ಕೆಳಗಿಳಿದು ಗಂಟಾಗುತ್ತದೆ, ಆಮೇಲೆ ಕತ್ತರಿಯೇ ಗತಿ. ಪ್ಲಾಸ್ಟಿಕ್ ಬಾಚಣಿಗೆ ತಾನೇ ವಿದ್ಯುತ್ ಹುಟ್ಟಿಸುತ್ತದೆ, ಲೋಹದ್ದೋ ಮರದ್ದೋ ಇರಲಿ. ಗುಂಗುರು ಸಿಂಥೆಟಿಕ್ ಆದರೆ ಬಾಚಣಿಗೆಯೇ ಬೇಡ, ಬೆರಳು ಸಾಕು. ದಿನಾ ಸಂಜೆ ಮಾಡಿದರೆ ಎರಡು ನಿಮಿಷದ ಕೆಲಸ. ವಾರ ಬಿಟ್ಟು ಕೂತರೆ ಅರ್ಧ ಗಂಟೆಯಲ್ಲೂ ಮುಗಿಯುವುದಿಲ್ಲ.

ಉಜ್ಜಾಟ ತಪ್ಪಿಸುವುದಕ್ಕೆ ಕಾಲರಿನ ಒಳಗೆ ಒಂದು ರೇಷ್ಮೆ ಅಥವಾ ಸ್ಯಾಟಿನ್ ಸ್ಕಾರ್ಫು ಸಾಕು, ಕೂದಲು ಅದರ ಮೇಲೆ ಜಾರುತ್ತದೆ. ಎರಡು ವಿಗ್ ಇದ್ದವರು ಚಳಿಗಾಲಕ್ಕೆ ಗಿಡ್ಡದನ್ನೇ ಆರಿಸಿಕೊಳ್ಳುವುದು ಜಾಣತನ. ಕಾಲರಿಗೆ ತಾಗದ ಕೂದಲಿಗೆ ಈ ತಾಪತ್ರಯವೇ ಇಲ್ಲ.

ಸ್ಥಿರವಿದ್ಯುತ್ತಿಗೆ ಮನೆಯಲ್ಲೇ ಮದ್ದು ಮಾಡಬಹುದು. ಕಾಲು ಲೀಟರ್ ನೀರಿಗೆ ಬಟ್ಟೆ ಮೆದುವಾಗಿಸುವ ಫ್ಯಾಬ್ರಿಕ್ ಕಂಡಿಷನರ್ ಅರ್ಧ ಟೀ ಚಮಚ. ಸ್ಪ್ರೇ ಬಾಟಲಿಯಲ್ಲಿ ಕುಲುಕಿ, ವಿಗ್ ಸ್ಟ್ಯಾಂಡಿನ ಮೇಲಿರುವಾಗ ಒಂದು ಮೊಳ ದೂರದಿಂದ ತೆಳ್ಳಗೆ ಚಿಮುಕಿಸಿ. ತಲೆಯ ಮೇಲಿದ್ದಾಗ ಬೇಡ, ಚರ್ಮಕ್ಕೆ ತುರಿಕೆಯಾದೀತು. ಹೆಚ್ಚು ಹಾಕಿದರೆ ಕೂದಲು ಜಿಡ್ಡಾಗಿ ಧೂಳು ಹಿಡಿಯುತ್ತದೆ. ಎಣ್ಣೆಯ ಕಥೆಯೂ ಅಷ್ಟೇ. ಮನುಷ್ಯನ ಕೂದಲಿನ ವಿಗ್ಗಿಗೆ ತುದಿಯಲ್ಲಿ ಎರಡು ಮೂರು ಹನಿ ಸವರಬಹುದು. ಸಿಂಥೆಟಿಕ್ಕಿಗೆ ಹಚ್ಚಿದ ಎಣ್ಣೆ ಎಲ್ಲಿಗೂ ಇಳಿಯುವುದಿಲ್ಲ, ಮೇಲೇ ಉಳಿದು ಅಂಟುತ್ತದೆ.

ಇನ್ನು ಬಿಸಿಯ ವಿಚಾರ. ಎಷ್ಟೋ ವಿಗ್ಗುಗಳು ಕೆಡುವುದು ಒಂದೇ ಕ್ಷಣದಲ್ಲಿ, ಅಡುಗೆಮನೆಯಲ್ಲಿ. ಓವನ್ ಬಾಗಿಲು ತೆರೆದು ಬಗ್ಗಿ ನೋಡಿದಾಗ, ಕುದಿಯುವ ಪಾತ್ರೆಯ ಮುಚ್ಚಳ ಎತ್ತಿದಾಗ, ಬಿಸಿ ಹಬೆ ನೇರ ಮುಂಗುರುಳಿಗೆ ಬಡಿಯುತ್ತದೆ. ಸಾಮಾನ್ಯ ಸಿಂಥೆಟಿಕ್ ಎಳೆ ಆ ಬಿಸಿಗೇ ಮೆತ್ತಗಾಗಿ ಮುದುಡುತ್ತದೆ, ತಣ್ಣಗಾದಾಗ ಹಾಗೇ ಗಟ್ಟಿಯಾಗುತ್ತದೆ. ಹಣೆಯ ಮೇಲಿನ ಆ ಸಾಲು ಮಾತ್ರ ಸುಟ್ಟ ಹುಲ್ಲಿನ ಹಾಗೆ ಕಾಣುತ್ತದೆ. ಹೀಟರಿನ ಮುಂದೆ ಬಗ್ಗಿ ಕೈ ಕಾಯಿಸುವಾಗಲೂ ಇದೇ ಆಗುವುದು. ಶಾಖ ತಡೆಯುವ ಸಿಂಥೆಟಿಕ್ ಎಂದು ಮಾರುವ ವಿಗ್ಗುಗಳಿಗೂ ಮಿತಿ ಉಂಟು, ಎಷ್ಟು ಡಿಗ್ರಿ ಎಂಬುದು ಅದರ ಚೀಟಿಯಲ್ಲೇ ಇರುತ್ತದೆ. ಅಡುಗೆಗೆ ನಿಲ್ಲುವ ಮುನ್ನ ಮುಂಗುರುಳನ್ನು ಹಿಂದಕ್ಕೆ ಕ್ಲಿಪ್ ಮಾಡಿಕೊಳ್ಳಿ, ಇಲ್ಲವೇ ವಿಗ್ ತೆಗೆದಿಟ್ಟು ಹತ್ತಿಯ ಟೋಪಿ ಹಾಕಿಕೊಳ್ಳಿ.

ಬೆವರುವುದಿಲ್ಲವಲ್ಲ ಎಂದು ಚಳಿಗಾಲದಲ್ಲಿ ತೊಳೆಯುವುದನ್ನೇ ಮರೆಯುವವರಿದ್ದಾರೆ. ಟೋಪಿಯ ಕೆಳಗೆ ತಲೆ ಬೆವರುತ್ತದೆ, ಅದು ಜಾಲರಿಗೆ ಇಳಿಯುತ್ತದೆ. ಹತ್ತು ಸಲ ಧರಿಸಿದ ಮೇಲೆ ಒಮ್ಮೆ ತೊಳೆಯಿರಿ. ಸಿಂಥೆಟಿಕ್ಕಿಗೆ ತಣ್ಣೀರೇ ಬೇಕು. ಕೈ ಮರಗಟ್ಟುತ್ತದೆಂದು ಬಿಸಿ ನಲ್ಲಿ ತಿರುಗಿಸಿದರೆ ಕಾರ್ಖಾನೆಯಲ್ಲಿ ಕೂರಿಸಿದ ವಿನ್ಯಾಸ ಸಡಿಲವಾಗುತ್ತದೆ, ಬೇಕಿದ್ದರೆ ರಬ್ಬರ್ ಕೈಗವಸು ಹಾಕಿಕೊಳ್ಳಿ. ಎರಡು ಲೀಟರ್ ನೀರಿಗೆ ಒಂದು ಚಮಚ ಶಾಂಪೂ ಕದಡಿ, ವಿಗ್ಗನ್ನು ಐದು ನಿಮಿಷ ಅದ್ದಿಡಿ. ಉಜ್ಜಬೇಡಿ, ಹಿಂಡಬೇಡಿ. ಎರಡು ಸಲ ಶುದ್ಧ ನೀರಿನಲ್ಲಿ ಜಾಲಾಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಮನುಷ್ಯನ ಕೂದಲಿಗೆ ಉಗುರು ಬೆಚ್ಚಗಿನ ನೀರು ಆಗಬಹುದು, ಆದರೆ ನೀರು ಬುಡದಿಂದ ತುದಿಯ ಕಡೆಗೇ ಹರಿಯಬೇಕು. ಕೂದಲಿನ ಮೇಲಿನ ಪೊರೆಗಳು ಹೆಂಚು ಹೊದಿಸಿದಂತೆ ತುದಿಯ ಕಡೆಗೆ ಮುಖಮಾಡಿರುತ್ತವೆ, ಎದುರಿಗೆ ಉಜ್ಜಿದರೆ ಎದ್ದು ನಿಂತು ಸಿಕ್ಕಾಗುತ್ತವೆ. ತಲೆಯ ಜಿಡ್ಡು ಈ ಕೂದಲಿಗೆ ತಲುಪುವುದಿಲ್ಲವಾದ್ದರಿಂದ ಪ್ರತಿ ಸಲ ಕಂಡಿಷನರ್ ಬೇಕೇ ಬೇಕು. ಅದನ್ನು ಅರ್ಧದಿಂದ ಕೆಳಕ್ಕಷ್ಟೇ ಹಚ್ಚಿ, ಬುಡಕ್ಕೆ ಹಚ್ಚಿದರೆ ಕಟ್ಟಿದ ಗಂಟುಗಳು ಜಾರಿ ಕೂದಲು ಉದುರುತ್ತದೆ.

ಒಣಗಿಸುವಾಗ ಅವಸರ ಬೇಡ. ತಂಪು, ಗಾಳಿಯಾಡದ ಕೋಣೆಯಲ್ಲಿ ಒಂದು ದಿನಕ್ಕಿಂತ ಹೆಚ್ಚೇ ಹಿಡಿದೀತು. ಹೀಟರಿನ ಹತ್ತಿರ ಇಡದೆ, ಫ್ಯಾನಿನ ತಣ್ಣನೆ ಗಾಳಿಗೆ ತಂತಿಯ ಸ್ಟ್ಯಾಂಡಿನ ಮೇಲೆ ಬಿಡಿ. ತುಂಬು ತಲೆಯಾಕಾರದ ಅಚ್ಚಿಗೆ ಒದ್ದೆ ವಿಗ್ ಹಾಕಿದರೆ ಜಾಲರಿ ಹಿಗ್ಗುತ್ತದೆ. ಸಿಕ್ಕು ಬಿಡಿಸಲು ನೀರು ಚಿಮುಕಿಸುವುದು ಬೇರೆ, ತೊಳೆದು ಪೂರ್ತಿ ಒದ್ದೆಯಿರುವ ಸಿಂಥೆಟಿಕ್ಕನ್ನು ಬಾಚಬೇಡಿ. ಕೂದಲು ಒಣಗಿತೆಂದು ಮೋಸಹೋಗಬೇಡಿ, ಕತ್ತಿನ ಬಳಿಯ ಎಲಾಸ್ಟಿಕ್ ಪಟ್ಟಿ ಕೊನೆಗೆ ಒಣಗುವುದು. ಅದನ್ನು ಮುಟ್ಟಿ ನೋಡಿ. ತಣ್ಣಗೆ ಹತ್ತಿದರೆ ಇನ್ನೂ ಆಗಿಲ್ಲ. ಹಾಗೇ ಡಬ್ಬಿಗೆ ಹಾಕಿದರೆ ಮುಗ್ಗಲು ವಾಸನೆ ಖಂಡಿತ.

ಟೇಪಿನಿಂದ ಅಂಟಿಸುವವರಿಗೆ ಒಂದು ಮಾತು. ಚಳಿಗೆ ಹಣೆಯ ಚರ್ಮ ಒಡೆದು ಹೊಟ್ಟು ಏಳುತ್ತದೆ, ಟೇಪು ಚರ್ಮಕ್ಕಂಟದೆ ಹೊಟ್ಟಿಗೆ ಅಂಟಿ ಎದ್ದುಬರುತ್ತದೆ. ಚರ್ಮಕ್ಕೆ ಕ್ರೀಮನ್ನು ರಾತ್ರಿ ವಿಗ್ ತೆಗೆದ ಮೇಲೆ ಹಚ್ಚಿ. ಬೆಳಿಗ್ಗೆ ತೊಳೆದು ಪೂರ್ತಿ ಒರೆಸಿ, ಟೇಪನ್ನು ಅಂಗೈಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ ಅಂಟಿಸಿ.

ಟೋಪಿ ಹಾಕುವುದಾದರೆ ಒಳಗೆ ಸ್ಯಾಟಿನ್ ಅಸ್ತರಿ ಇರಲಿ. ತೆಗೆಯುವಾಗ ನೆತ್ತಿ ಹಿಡಿದು ಎಳೆಯಬೇಡಿ, ಟೋಪಿಯ ಜೊತೆ ವಿಗ್ಗೂ ಎದ್ದು ಬರುತ್ತದೆ. ಒಂದು ಕೈಯ ಎರಡು ಬೆರಳು ಹಣೆಯ ಅಂಚಿನ ಮೇಲಿಟ್ಟು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಟೋಪಿಯನ್ನು ಮುಂದಿನಿಂದ ಹಿಂದಕ್ಕೆ ಜಾರಿಸಿ.