ಓಲೆಗರಿಯ ತಪ್ಪು, ಕಪ್ಪೆಯ ನೆಂಟಸ್ತಿಕೆ

ಕೇಳುಗರಿಗೆ ನಮಸ್ಕಾರ.

ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ಮಣ್ಣಿನಡಿ ಬದುಕುವ ಒಂದು ಕಪ್ಪೆ ಇದೆ. ನೇರಳೆ ಬಣ್ಣದ ಮೈ, ಗಾಳಿ ತುಂಬಿದ ಹಾಗೆ ಉಬ್ಬಿದ ಹೊಟ್ಟೆ, ಪುಟ್ಟ ತಲೆ, ಚೂಪು ಮೂತಿ. ನೆಲದೊಳಗೇ ಗೆದ್ದಲು ತಿಂದುಕೊಂಡಿರುತ್ತದೆ. ಮಳೆ ಶುರುವಾದಾಗ ಮೊಟ್ಟೆ ಇಡಲು ಕೆಲವೇ ದಿನ ಮೇಲೆ ಬರುತ್ತದೆ. ಅಲ್ಲಿನ ಜನರಿಗೆ ಇದು ಮೊದಲೇ ಗೊತ್ತಿತ್ತು. 2003ರಲ್ಲಿ ವಿಜ್ಞಾನಿಗಳಾದ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸೌಟ್ ಇದಕ್ಕೆ ನಾಸಿಕಬಟ್ರಾಕಸ್ ಸಹ್ಯಾದ್ರೆನ್ಸಿಸ್ ಎಂದು ಹೆಸರಿಟ್ಟರು. ನಾಸಿಕ ನಮ್ಮ ಮೂಗೇ, ಸಹ್ಯಾದ್ರಿ ನಮ್ಮ ಘಟ್ಟವೇ.

ಸರಿ, ಇದರ ನೆಂಟರು ಯಾರು? ಮಣ್ಣು ಕೊರೆಯುವ ಕಪ್ಪೆಗಳು ಬೇರೆಯೂ ಇವೆ. ಆದರೆ ಒಂದೇ ಕೆಲಸ ಮಾಡುವವರ ಮೈಕಟ್ಟು ಒಂದೇ ಥರ ಆಗಿಬಿಡಬಹುದು, ಅಲ್ವಾ? ರೂಪ ನಂಬಿ ಕೂರುವ ಹಾಗಿಲ್ಲ. ಅದಕ್ಕೇ ಅದರ ಡಿಎನ್‌ಎ ಓದಿದರು.

ಓದುವುದು ಹೇಗೆ? ನಮ್ಮ ಓಲೆಗರಿಗಳನ್ನು ನೆನೆಸಿಕೊಳ್ಳಿ. ಒಂದು ಕಾವ್ಯದ ಹತ್ತು ಪ್ರತಿ ಸಿಕ್ಕರೆ ಸಂಪಾದಕರು ಅವನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸುತ್ತಾರೆ. ಎರಡು ಪ್ರತಿಗಳಲ್ಲಿ ಅವೇ ಜಾಗಗಳಲ್ಲಿ ಅವೇ ತಪ್ಪುಗಳಿದ್ದರೆ, ಎರಡೂ ಒಂದೇ ಹಳೆಯ ಪ್ರತಿ ನೋಡಿ ಬರೆದವು. ಡಿಎನ್‌ಎ ಕೂಡ ತಲೆಮಾರಿನಿಂದ ತಲೆಮಾರಿಗೆ ನಕಲಾಗುವ ಬರಹ. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಉಳಿದೆಲ್ಲ ಕಪ್ಪೆಗಳಲ್ಲಿ ಎ ಇರುವ ಜಾಗದಲ್ಲಿ ಎರಡರಲ್ಲಿ ಮಾತ್ರ ಜಿ ಇದೆ ಅನ್ನಿ. ಒಂದೇ ಕಡೆ ಹೀಗಾದರೆ ಆಕಸ್ಮಿಕ ಇರಬಹುದು. ಹಲವು ಜೀನ್‌ಗಳಲ್ಲಿ, ಅಂದರೆ ಆ ಬರಹದ ಬೇರೆಬೇರೆ ತುಣುಕುಗಳಲ್ಲಿ, ಹತ್ತಾರು ಜಾಗಗಳಲ್ಲಿ ಹಾಗೇ ಕಂಡರೆ ಅವು ಒಂದೇ ಮನೆತನದವು.

ಹೀಗೆ ಓದಿದಾಗ ಇದರ ಹತ್ತಿರದ ನೆಂಟರು ಸಿಕ್ಕಿದ್ದು ಸುಮಾರು 3,000 ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ! ಅದನ್ನು ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ ಎಂದಿತ್ತು. ಆ ನೆಂಟರಲ್ಲಿ ಒಂದು ಕಪ್ಪೆ ಬೆಳೆದ ಮೇಲೂ ನಮ್ಮ ಬೆರಳಿನ ಉಗುರಿನಷ್ಟೇ. ನೋಡಿದರೆ ಯಾರೂ ಸಂಬಂಧ ಹೇಳುವ ಹಾಗಿಲ್ಲ.

ಕಪ್ಪೆಯ ಚರ್ಮಕ್ಕೆ ಉಪ್ಪುನೀರು ಆಗಿಬರುವುದಿಲ್ಲ. ಸಮುದ್ರ ದಾಟಿ ಹೋಗಿರುವುದು ಕಷ್ಟ. ಆದರೆ ಸುಮಾರು 6.5 ಕೋಟಿ ವರ್ಷಗಳ ಹಿಂದಿನವರೆಗೂ ಸೆಶೆಲ್ಸ್ ಮತ್ತು ನಮ್ಮ ನೆಲ ಒಂದೇ ಆಗಿದ್ದವು. ಹಾಗಾದರೆ ಈ ನೆಂಟರು ಅಗಲಿದ್ದು ಯಾವಾಗ? ಎರಡು ಕಪ್ಪೆಗಳ ಡಿಎನ್‌ಎ ನಡುವೆ ಅಕ್ಷರ ಬದಲಾವಣೆ ಜಾಸ್ತಿ ಇದ್ದಷ್ಟೂ ಅಗಲಿದ ಕಾಲವೂ ಜಾಸ್ತಿ. ಪಳೆಯುಳಿಕೆಗಳ ವಯಸ್ಸಿಗೆ ತಾಳೆ ನೋಡಿ ಆ ಕಾಲ ಲೆಕ್ಕ ಹಾಕುತ್ತಾರೆ. 2003ರ ಲೆಕ್ಕದ ಪ್ರಕಾರ ನೆಲ ಒಡೆಯುವುದಕ್ಕೂ ಮೊದಲೇ ಈ ಎರಡು ಮನೆತನಗಳು ಬೇರೆಯಾಗಿದ್ದವು.

ಮಳೆ ಬಿದ್ದಾಗ ಇಡುಕ್ಕಿಯ ತೊರೆಗಳ ದಡದಲ್ಲಿ ಗಂಡು ಕಪ್ಪೆ ತೆಳು ಮಣ್ಣಿನಡಿಯಿಂದಲೇ ಹೆಣ್ಣನ್ನು ಕರೆಯುತ್ತದೆ. ಆ ಕಡೆ ಹೋದರೆ ನಿಂತು ಕಿವಿಗೊಡಿ.

ನಮಸ್ಕಾರ.