ಮದುವೆ ಮುಗಿದ ಛತ್ರದ ಫೋಟೊ

ಎಸ್ಟೇಟ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಚಿಕ್ಕಮಗಳೂರು, ಕೊಡಗು. ಕಾಫಿ, ಮೆಣಸಿನ ಬಳ್ಳಿ, ಗೇಟಿನ ಮೇಲೆ ಧಣಿಯ ಹೆಸರು. ಬ್ರಿಟಿಷ್ ಸಿನಿಮಾದಲ್ಲಿ ಒಬ್ಬ ಹುಡುಗಿ ತಾನು ಎಸ್ಟೇಟಿನವಳು ಅಂದರೆ ಅರ್ಥ ಪೂರ್ತಿ ಉಲ್ಟಾ. ಆಕೆ ಹೇಳ್ತಿರೋದು ಕೌನ್ಸಿಲ್ ಎಸ್ಟೇಟಿನ ಬಗ್ಗೆ. ಊರಿನ ಪುರಸಭೆ ಸರ್ಕಾರಿ ದುಡ್ಡಲ್ಲಿ ಕಟ್ಟಿಸಿ, ದುಡಿಯೋ ಜನಕ್ಕೆ ಬಾಡಿಗೆಗೆ ಕೊಟ್ಟ ಮನೆಗಳ ಗುಂಪು ಅದು. ಇದನ್ನ ಕೊಳೆಗೇರಿ ಅಂದುಕೊಂಡು ನೋಡಬೇಡಿ. ಕೊಳೆಗೇರಿ ಕೆಡವಿ, ಅಲ್ಲಿದ್ದವರಿಗೆ ಅಂತ ಕಟ್ಟಿದ ಮನೆಗಳೇ ಎಷ್ಟೋ ಇವೆ.

ಆದರೂ ನಿಮ್ಮ ತಲೆಯಲ್ಲಿರೋ ಚಿತ್ರ ಯಾವುದು ಅಂತ ನಾನು ಹೇಳಬಲ್ಲೆ. ಬೂದು ಕಾಂಕ್ರೀಟು. ಉದ್ದನೆ ಮೊಗಸಾಲೆ. ಮಿಣುಕೋ ಟ್ಯೂಬ್‌ಲೈಟು. ಟೋಪಿ ಮುಖಕ್ಕೆ ಎಳೆದುಕೊಂಡ ನಾಲ್ಕು ಹುಡುಗರು, ಒಂದು ನಾಯಿ. ಮುಂದಿನ ಸಲ ಇಂಥ ದೃಶ್ಯ ಬಂದಾಗ ವಿಡಿಯೊ ನಿಲ್ಲಿಸಿ. ಹುಡುಗರನ್ನ ಬಿಡಿ, ಹಿಂದಿರೋ ಕಿಟಕಿಗಳನ್ನ ನೋಡಿ. ಪರದೆ ಇದೆಯಾ? ರಾತ್ರಿ ದೃಶ್ಯ ಆದರೆ ಎಷ್ಟು ಮನೆಯಲ್ಲಿ ದೀಪ ಉರೀತಿದೆ? ಬಾಗಿಲ ಮುಂದೆ ಕಾಲೊರಸು, ಹೂಕುಂಡ, ಮಕ್ಕಳ ಸೈಕಲ್ಲು? ಕಿಟಕಿಗೆ ಸಣ್ಣ ತೂತುಗಳ ಉಕ್ಕಿನ ತಗಡು ಬಡಿದಿದ್ದರೆ ಆ ಮನೆಯಲ್ಲಿ ಯಾರೂ ಇಲ್ಲ.

ಲಂಡನ್ನಿನ ಎಲಿಫೆಂಟ್ ಅಂಡ್ ಕಾಸಲ್ ಪಕ್ಕದಲ್ಲಿ ಹೇಗೇಟ್ ಅನ್ನೋ ಎಸ್ಟೇಟ್ ಇತ್ತು. 1974ರಲ್ಲಿ ಪೂರ್ತಿಯಾದದ್ದು, ಸುಮಾರು 1,200 ಮನೆ. 2000ದ ದಶಕದ ಕೊನೆಗೆ ಕೌನ್ಸಿಲ್ ಅಲ್ಲಿದ್ದವರನ್ನ ಹೊರಗೆ ಕಳಿಸೋಕೆ ಶುರು ಮಾಡಿತು. ಈ ಕೆಲಸಕ್ಕೆ ಅಲ್ಲಿನ ಅಧಿಕಾರಿಗಳು ಬಳಸೋ ಪದ ಡೀಕ್ಯಾಂಟ್. ಸಾರಿನ ತಿಳಿಯನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸ್ತೀವಲ್ಲ, ಅದೇ. ಜನರನ್ನ ಹೀಗೆ ಬಗ್ಗಿಸಿದ ಮೇಲೆ, ಬುಲ್ಡೋಜರ್ ಬರೋ ಮೊದಲು, ನಡುವೆ ಕೆಲವು ವರ್ಷ ಸಿಕ್ಕವು. ಆ ವರ್ಷಗಳಲ್ಲೇ ಹ್ಯಾರಿ ಬ್ರೌನ್ ಸಿನಿಮಾ ಅಲ್ಲಿ ಚಿತ್ರೀಕರಣವಾಯಿತು, ಅಟ್ಯಾಕ್ ದ ಬ್ಲಾಕ್‌ನ ಹೊರಾಂಗಣ ಆಯಿತು, 2011ರ ಟಾಪ್ ಬಾಯ್ ಧಾರಾವಾಹಿಯ ಮೊದಲ ಸರಣಿಯೂ ಆಯಿತು. ಒಂದೇ ಖಾಲಿ ಜಾಗ ಮೂರು ಕಥೆಗೆ ಮೈಕೊಟ್ಟಿತು. ಹ್ಯಾರಿ ಬ್ರೌನ್‌ನ ಮುಖ್ಯ ಪಾತ್ರ ಮಾಡಿದ ಮೈಕಲ್ ಕೇನ್ ಬೆಳೆದದ್ದು ಅದೇ ಸುತ್ತಮುತ್ತ, ಯುದ್ಧದ ನಂತರ ಸರ್ಕಾರ ಕೊಟ್ಟ ತಾತ್ಕಾಲಿಕ ಜೋಡಣೆ ಮನೆಯಲ್ಲಿ. ಆ ಸಂಗತಿಗೆ ಸಿನಿಮಾದಲ್ಲಿ ಜಾಗ ಇಲ್ಲ.

ಮದುವೆ ಮುಗಿದು, ನೆಂಟರೆಲ್ಲ ಬಸ್ ಹತ್ತಿ ಹೋದ ಮೇಲೆ ಛತ್ರಕ್ಕೆ ನುಗ್ಗಿ, ಎಂಜಲೆಲೆಯ ಫೋಟೊ ತೆಗೆದು, ಈ ಮನೆತನದ ಮದುವೆ ಹೀಗಿತ್ತು ನೋಡಿ ಅಂದರೆ ಹೇಗಿರುತ್ತೆ? ನನ್ನ ತಕರಾರು ಅಷ್ಟೇ.

ನಿರ್ಮಾಪಕರಿಗೆ ಖಾಲಿ ಎಸ್ಟೇಟ್ ಯಾಕೆ ಇಷ್ಟ ಅನ್ನೋದು ಗುಟ್ಟೇನಲ್ಲ. ಸಹಿ ಹಾಕಬೇಕಾದ ಮಾಲೀಕ ಒಬ್ಬನೇ, ಕೌನ್ಸಿಲ್. ರಾತ್ರಿ ಎರಡು ಗಂಟೆಗೆ ಜನರೇಟರ್ ಹಾಕಿದರೆ ಬೈಯೋಕೆ ಯಾರೂ ಇಲ್ಲ. ಗೋಡೆಗೆ ಬಣ್ಣ ಎರಚಬಹುದು, ಕಾರು ಸುಡಬಹುದು. ಲಾರಿಗಳಿಗೆ ನೆಲಮಹಡಿಯ ಗ್ಯಾರೇಜುಗಳೇ ಸಾಕು. ಇನ್ನು ಲೆನ್ಸಿನ ಕೈಚಳಕ ಬೇರೆ. ಎದುರು ಕಟ್ಟಡದಿಂದ ಉದ್ದದ ಟೆಲಿಫೋಟೊ ಲೆನ್ಸ್ ಹಾಕಿದರೆ ಮಹಡಿಗಳ ನಡುವಿನ ಆಳ ಮಾಯವಾಗಿ, ಬಾಲ್ಕನಿಗಳೆಲ್ಲ ಒಂದರ ಮೇಲೊಂದು ಪೇರಿಸಿದ ಕೋಳಿಗೂಡಿನ ಹಾಗೆ ಕಾಣ್ತವೆ. ಆಮೇಲೆ ಬಣ್ಣ ತಿದ್ದೋವಾಗ ಸ್ವಲ್ಪ ನೀಲಿ, ಸ್ವಲ್ಪ ಹಸಿರು ಬೆರೆಸಿ ಬಿಸಿಲಿನ ಹಳದಿ ತೆಗೆದರೆ ಜುಲೈ ತಿಂಗಳೂ ನವೆಂಬರ್ ಆಗುತ್ತೆ.

ಹೇಗೇಟ್‌ನಿಂದ ಸ್ವಲ್ಪವೇ ದೂರದ ಏಲ್ಸ್‌ಬರಿ ಎಸ್ಟೇಟ್‌ನದು ಇನ್ನೂ ವಿಚಿತ್ರ. ಅಲ್ಲಿ ಆಗ ಜನ ವಾಸವಿದ್ದರು, ಸಾವಿರಾರು ಜನ. 1997ರಲ್ಲಿ ಟೋನಿ ಬ್ಲೇರ್ ಪ್ರಧಾನಿಯಾದ ಹೊಸದರಲ್ಲಿ ಭಾಷಣ ಮಾಡಿದ್ದೂ ಅಲ್ಲೇ. 2004ರಲ್ಲಿ ಚಾನೆಲ್ 4 ತನ್ನ ಕಾರ್ಯಕ್ರಮಗಳ ನಡುವೆ ತೋರಿಸೋ ಕೆಲವೇ ಸೆಕೆಂಡಿನ ಗುರುತುಚಿತ್ರಕ್ಕೆ ಆ ಮೊಗಸಾಲೆಯನ್ನ ಆರಿಸಿಕೊಂಡಿತು. ಇದ್ದದ್ದು ಇದ್ದ ಹಾಗೆ ಇದ್ದರೆ ಸಾಲದು ಅನ್ನಿಸಿರಬೇಕು: ಬಟ್ಟೆ ಒಣಹಾಕಿದ ಹಗ್ಗ, ಕಸದ ಚೀಲ, ಅಂಗಡಿಯ ತಳ್ಳುಬಂಡಿ, ಎಲ್ಲ ಸೇರಿಸಿದರು. ಅನೇಕ ಕೌನ್ಸಿಲ್‌ಗಳ ಬಾಡಿಗೆ ಕರಾರಿನಲ್ಲಿ ಮೊಗಸಾಲೆಯಲ್ಲಿ ಬಟ್ಟೆ ಹರವೋದೇ ನಿಷಿದ್ಧ ಅನ್ನೋದು ಆ ತಂಡಕ್ಕೆ ಗೊತ್ತಿತ್ತೋ ಇಲ್ಲವೋ. ನಿವಾಸಿಗಳು ವರ್ಷಗಟ್ಟಲೆ ಜಗಳ ಆಡಿ, ಕೊನೆಗೆ ಅದೇ ಜಾಗದಲ್ಲಿ ತಮ್ಮದೇ ಆವೃತ್ತಿಯೊಂದನ್ನ ಚಿತ್ರಿಸಿದರು.

ಹಾಗಂತ ಜಾಗದ ಸುಳ್ಳೆಲ್ಲ ದ್ರೋಹ ಅಲ್ಲ. ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್ ಹಾಸ್ಯ ಧಾರಾವಾಹಿಯ ನೆಲ್ಸನ್ ಮಂಡೇಲಾ ಹೌಸ್ ಇರೋದು ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿ ಅಂತ ಕಥೆ ಹೇಳುತ್ತೆ. ಮೊದಲು ತೋರಿಸಿದ ಕಟ್ಟಡ ಇದ್ದದ್ದು ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ, ಆಮೇಲೆ ತೋರಿಸಿದ್ದು ಬ್ರಿಸ್ಟಲ್ ಊರಿನದು. ಯಾರಿಗೂ ನಷ್ಟ ಆಗಲಿಲ್ಲ. ಮೈಕ್ ಲೀ 2002ರಲ್ಲಿ ಆಲ್ ಆರ್ ನಥಿಂಗ್ ತೆಗೆದದ್ದೂ ಗ್ರಿನಿಚ್‌ನಲ್ಲಿ ಖಾಲಿಯಾಗಿ ಕೆಡವೋಕೆ ಕಾದಿದ್ದ ಎಸ್ಟೇಟ್‌ನಲ್ಲೇ. ಆದರೆ ಅದು ಸಿನಿಮಾವಾಗಿ ನಿಲ್ಲುತ್ತೆ, ಯಾಕಂದರೆ ಕ್ಯಾಮೆರಾ ಬಾಗಿಲು ದಾಟಿ ಒಳಗೆ ಹೋಗಿ ಕೂತುಕೊಳ್ಳುತ್ತೆ.

ಈಗ ಐವತ್ತು ಅರವತ್ತು ವರ್ಷ ಹಿಂದಕ್ಕೆ ಹೋಗೋಣ. 1966ರ ನವೆಂಬರ್‌ನಲ್ಲಿ ಬಿಬಿಸಿಯಲ್ಲಿ ಬಂದ ಕೆನ್ ಲೋಚ್ ನಿರ್ದೇಶನದ ಕ್ಯಾಥಿ ಕಮ್ ಹೋಮ್ ನೋಡಿದವರು ಸುಮಾರು 1.2 ಕೋಟಿ ಜನ. ಎರಡು ವಾರ ಕಳೆದು, ಮನೆಯಿಲ್ಲದವರಿಗಾಗಿ ದುಡಿಯೋ ಶೆಲ್ಟರ್ ಸಂಸ್ಥೆ ಶುರುವಾಯಿತು. ಅದರ ತಯಾರಿ ಮೊದಲೇ ನಡೆದಿತ್ತು, ಸಿನಿಮಾದಿಂದಲೇ ಹುಟ್ಟಿತು ಅನ್ನೋದು ಬರೀ ದಂತಕಥೆ. ಆ ಕಥೆಯ ದುರಂತ ಏನು? ಕೌನ್ಸಿಲ್ ಮನೆ ಸಿಗದೇ ಇದ್ದದ್ದು. ಮನೆ ಇಲ್ಲ ಅಂತ ಕೊನೆಗೆ ತಾಯಿಯ ಕೈಯಿಂದ ಮಕ್ಕಳನ್ನೇ ಕಿತ್ತುಕೊಂಡು ಹೋಗ್ತಾರೆ. ಲಿನ್ ರಾಮ್ಸೆಯ 1999ರ ರ‍್ಯಾಟ್‌ಕ್ಯಾಚರ್ ನಡೆಯೋದು 1973ರ ಗ್ಲಾಸ್ಗೋದಲ್ಲಿ, ಕಸ ಎತ್ತೋರ ಮುಷ್ಕರದ ಹೊತ್ತಲ್ಲಿ. ಹುಡುಗನೊಬ್ಬ ಬಸ್ ಹತ್ತಿ ಊರಾಚೆಗೆ ಹೋದಾಗ ಅರ್ಧ ಕಟ್ಟಿದ ಹೊಸ ಮನೆಗಳು ಕಾಣ್ತವೆ. ನೀರು ಬಿಡದ ಬಚ್ಚಲು ತೊಟ್ಟಿಯಲ್ಲಿ ಮಲಗಿ ನೋಡ್ತಾನೆ. ಗಾಜಿಲ್ಲದ ಕಿಟಕಿಯ ಆಚೆ ಗೋಧಿ ಹೊಲ. ಚೌಕಟ್ಟು ದಾಟಿ ಅದಕ್ಕೆ ಧುಮುಕ್ತಾನೆ. ಎಸ್ಟೇಟ್ ಅಂದರೆ ಆಸೆ ಅಂತ ತೋರಿಸಿದ ದೃಶ್ಯಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ನನಗೆ ಗೊತ್ತಿಲ್ಲ.

ಆಸೆಗೆ ಕಾರಣವೂ ಇತ್ತು. 1961ರ ಪಾರ್ಕರ್ ಮಾರಿಸ್ ವರದಿಯ ಅಳತೆಗಳು 1969ರ ಹೊತ್ತಿಗೆ ಕೌನ್ಸಿಲ್ ಮನೆಗಳಿಗೆ ಕಡ್ಡಾಯವಾದವು. ಹೊರಗೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿದ್ದರೂ ಹಾಲ್‌ನಲ್ಲಿ 18 ಡಿಗ್ರಿ, ಅಡುಗೆಮನೆಯಲ್ಲಿ 13 ಡಿಗ್ರಿ ಶಾಖ ಇರಬೇಕು, ಕಪಾಟುಗಳು ಇಷ್ಟಿರಬೇಕು ಅಂತೆಲ್ಲ. ಕೆಲಸಕ್ಕೆ ಅಂತ ಲಂಡನ್ನಿಗೆ ಹೋಗಿ ಬಾಡಿಗೆ ಮನೆ ಹುಡುಕೋ ಕನ್ನಡಿಗರಿಗೆ ಜಾಹೀರಾತಿನಲ್ಲಿ 'ಎಕ್ಸ್ ಲೋಕಲ್ ಅಥಾರಿಟಿ' ಅನ್ನೋ ಸಾಲು ಕಾಣಿಸುತ್ತೆ, ಅಂದರೆ ಹಿಂದೆ ಕೌನ್ಸಿಲ್‌ದಾಗಿದ್ದ ಮನೆ. ಹೊಸ ಅಪಾರ್ಟ್‌ಮೆಂಟಿಗಿಂತ ಅದರ ರೂಮುಗಳು ದೊಡ್ಡದಾಗಿದ್ದರೆ ಎಷ್ಟೋ ಸಲ ಕಾರಣ ಆ ಅಳತೆಗಳೇ. ಆ ಅಳತೆಗಳ ಕಡ್ಡಾಯ 1980ರಲ್ಲಿ ತೆಗೆದುಹಾಕಿದರು.

ಅದೇ 1980ರಲ್ಲಿ ಥ್ಯಾಚರ್ ಸರ್ಕಾರದ ಕಾಯ್ದೆ ಬಾಡಿಗೆದಾರರಿಗೆ ಮನೆ ಕೊಳ್ಳೋ ಹಕ್ಕು ಕೊಟ್ಟಿತು. ಮೂರು ವರ್ಷ ಬಾಡಿಗೆಗಿದ್ದರೆ ಬೆಲೆಯಲ್ಲಿ 33 ಶೇಕಡಾ ರಿಯಾಯಿತಿ, ವರ್ಷ ಹೆಚ್ಚಿದ ಹಾಗೆ 50ರವರೆಗೆ. ಆಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೆಯಲ್ಲಿತ್ತು. ಒಳ್ಳೆ ಮನೆಗಳು ಮೊದಲು ಹೋದವು, ಅಂದರೆ ಹಿತ್ತಲಿದ್ದವು. ಮಾರಿದಷ್ಟು ಮತ್ತೆ ಕಟ್ಟಲಿಲ್ಲ. ಉಳಿದದ್ದು ಎತ್ತರದ ಬ್ಲಾಕುಗಳು, ಕೊಳ್ಳೋಕಾಗದ ಜನ. 1980ರ ದಶಕದ ಯಾವುದೇ ಧಾರಾವಾಹಿಯ ಬೀದಿಯಲ್ಲಿ ಮುಂಬಾಗಿಲು ನೋಡುತ್ತಾ ಹೋಗಿ. ಎಲ್ಲ ಒಂದೇ ಬಣ್ಣ ಇದ್ದರೆ ಕೌನ್ಸಿಲ್‌ದು. ನಡುವೆ ಒಂದಕ್ಕೆ ಹೊಸ ಮರದ ಬಾಗಿಲು, ಹಿತ್ತಾಳೆ ಹಿಡಿ, ಗೋಡೆಗೆ ನಕಲಿ ಕಲ್ಲಿನ ಹೊದಿಕೆ ಇದ್ದರೆ ಆ ಮನೆಯವರು ಕೊಂಡಿದ್ದಾರೆ. ಪಾತ್ರ ಬಾಯಿಬಿಡೋ ಮೊದಲೇ ಬಾಗಿಲು ಹೇಳಿಬಿಡುತ್ತೆ.

ಇನ್ನು ಕೆಟ್ಟ ಲಿಫ್ಟು, ಕಪ್ಪು ಬೂಜು. ಸಿನಿಮಾಗಳಿಗೆ ಇವೆರಡೂ ಜನರ ಗುಣದ ಸಂಕೇತ. ಲಿಫ್ಟ್ ಕೆಟ್ಟಿದ್ದರೆ ಯಾರೋ ಪುಂಡರು ಕೆಡಿಸಿದರು ಅಂತ ಕಥೆ. ಎಷ್ಟೋ ಗೋಪುರಗಳಲ್ಲಿ ಎರಡು ಲಿಫ್ಟು, ಒಂದು ಸಮಸಂಖ್ಯೆಯ ಮಹಡಿಗೆ, ಇನ್ನೊಂದು ಬೆಸಕ್ಕೆ. ಬಾಗಿಲುಗಳ ಖರ್ಚು ಉಳಿಸೋ ಲೆಕ್ಕಾಚಾರ. ಒಂದು ನಿಂತರೆ ಅರ್ಧ ಕಟ್ಟಡದ ಜನ ಪಕ್ಕದ ಮಹಡಿಯಲ್ಲಿ ಇಳಿದು, ಉಳಿದ ಒಂದು ಮಹಡಿಯನ್ನ ಮೆಟ್ಟಿಲಲ್ಲೇ ದಾಟಬೇಕು. ಬೂಜಿಗೂ ಲೆಕ್ಕ ಇದೆ: ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ಹಲಗೆಗಳ ಕೂಡುಗಳಲ್ಲಿ ಗೋಡೆ ತಣ್ಣಗಿರುತ್ತೆ. ನೆಲದಡಿಯ ಕರೆಂಟ್ ಹೀಟರ್ 1973ರ ತೈಲ ಬಿಕ್ಕಟ್ಟಿನ ನಂತರ ದುಬಾರಿಯಾಯಿತು, ಜನ ಆರಿಸಿದರು. ಅಡುಗೆ, ಸ್ನಾನದ ಹಬೆ ಆ ತಣ್ಣನೆ ಮೂಲೆಯಲ್ಲೇ ನೀರಾಯಿತು, ನೀರು ನಿಂತಲ್ಲಿ ಬೂಜು ಕಟ್ಟಿತು. ದೂರು ಕೊಟ್ಟರೆ ಕಿಟಕಿ ತೆಗೆದಿಡಿ ಅನ್ನೋ ಉತ್ತರ. ಇದನ್ನ ಬಿಡಿಸಿ ತೋರಿಸಿದ ಸಿನಿಮಾ ನಾನಂತೂ ಕಂಡಿಲ್ಲ. ಗೋಡೆಯ ಕಲೆ ಮಾತ್ರ ನೂರು ಸಲ ಕಂಡಿದ್ದೇನೆ.

ಹತ್ತಿರ ಬಂದದ್ದು ಕೆನ್ ಲೋಚ್‌ನ ಐ, ಡೇನಿಯಲ್ ಬ್ಲೇಕ್, 2016. ಲಂಡನ್ನಿನ ಮನೆಯಿಲ್ಲದವರ ಹಾಸ್ಟೆಲ್‌ನಿಂದ ನ್ಯೂಕಾಸಲ್‌ಗೆ ಸಾಗಹಾಕಿದ ಕೇಟಿಯ ತಣ್ಣನೆ ಮನೆಗೆ ಬಡಗಿ ಡೇನಿಯಲ್ ಗುಳ್ಳೆ ಪ್ಲಾಸ್ಟಿಕ್ ತಂದು ಕಿಟಕಿಗೆ ಅಂಟಿಸ್ತಾನೆ, ಮೇಣದ ದೀಪದ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿ ಕಾವು ಮಾಡ್ತಾನೆ. ಮುಂಗಡ ದುಡ್ಡಿನ ಕರೆಂಟ್ ಮೀಟರ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದರೆ ಇಂಥ ದೃಶ್ಯದ ಭಾರ ಹೆಚ್ಚುತ್ತೆ. ದುಡ್ಡು ಮುಗಿದಾಗ ಮೀಟರ್ ತುರ್ತು ಸಾಲ ಕೊಡುತ್ತೆ, ಮಾಮೂಲಿಯಾಗಿ ಐದೋ ಹತ್ತೋ ಪೌಂಡು. ಅಂಗಡಿಗೆ ಹೋಗಿ ಮೀಟರಿಗೆ ಹಾಕೋ ಕೀಲಿಗೆ ಹೊಸ ದುಡ್ಡು ತುಂಬಿಸಿ ತಂದರೆ ಆ ಸಾಲ ಮೊದಲು ಕಡಿತ. ಕರೆಂಟ್ ಇಲ್ಲದೆ ಕೂತ ದಿನಗಳ ನಿತ್ಯದ ಬಾಡಿಗೆಯೂ ಕಡಿತ. ಕತ್ತಲೆಗೂ ಶುಲ್ಕ.

ನಗು ಬೇಕಾದರೆ 1998ರಲ್ಲಿ ಶುರುವಾದ ದ ರಾಯ್ಲ್ ಫ್ಯಾಮಿಲಿ. ಮ್ಯಾಂಚೆಸ್ಟರಿನ ಒಂದು ಹಾಲ್, ಒಂದು ಸೋಫಾ, ಯಾವಾಗಲೂ ಉರಿಯೋ ಟಿವಿ. ಬರೆದವರಲ್ಲಿ ಒಬ್ಬರಾದ ಕ್ಯಾರೊಲಿನ್ ಆಹರ್ನ್ ಬೆಳೆದದ್ದು ವಿಥೆನ್‌ಶಾ ಎಂಬ ದೊಡ್ಡ ಕೌನ್ಸಿಲ್ ಬಡಾವಣೆಯಲ್ಲಿ. ಆಗಿನ ಹಾಸ್ಯ ಧಾರಾವಾಹಿಗಳ ರೂಢಿಯ ಸ್ಟುಡಿಯೊ ಪ್ರೇಕ್ಷಕರಿಲ್ಲ, ನಗೆಯ ಧ್ವನಿಮುದ್ರಿಕೆ ಇಲ್ಲ, ಫಿಲ್ಮ್‌ನಲ್ಲಿ ಒಂದೇ ಕ್ಯಾಮೆರಾ. ನಗೋ ಜನರ ಸದ್ದು ಇದ್ದಿದ್ದರೆ ಫೋನ್ ಬಿಲ್ಲಿನ ಮೇಲೆ ಮನೆಯ ಅಪ್ಪ ಜಿಮ್ ಕೂಗಾಡೋದು ಬರೀ ಜೋಕ್ ಆಗ್ತಿತ್ತು. ಅದೇ ವಿಥೆನ್‌ಶಾದ ಕೈಗಾರಿಕಾ ಪ್ರದೇಶದಲ್ಲಿ ಆಮೇಲೆ ಶೇಮ್‌ಲೆಸ್ ಧಾರಾವಾಹಿಗೆ ಅಂತ ಚ್ಯಾಟ್ಸ್‌ವರ್ತ್ ಎಸ್ಟೇಟ್‌ನ ಸೆಟ್ ಕಟ್ಟಿದರು. ಕೌನ್ಸಿಲ್ ಬಡಾವಣೆಯ ಮಗ್ಗುಲಲ್ಲೇ ನಕಲಿ ಕೌನ್ಸಿಲ್ ಎಸ್ಟೇಟ್. ಇದಕ್ಕೆ ನಾನೇನೂ ಸೇರಿಸಬೇಕಾಗಿಲ್ಲ.

ವಾಸ ಇರೋ ಜಾಗಕ್ಕೆ ಹೋದರೆ ಎಲ್ಲ ಸರಿ ಅಂತಲೂ ಅಲ್ಲ. ಬ್ರಾಡ್‌ಫರ್ಡ್‌ನ ಬಟರ್‌ಶಾ ಎಸ್ಟೇಟ್‌ನ ಹುಡುಗಿ ಆಂಡ್ರಿಯಾ ಡನ್ಬಾರ್ ಹದಿನೈದರಲ್ಲಿ ತನ್ನ ಬೀದಿಯ ಹೆಸರಿನಲ್ಲೇ ನಾಟಕ ಬರೆದಳು, ದ ಆರ್ಬರ್. 1987ರಲ್ಲಿ ಅಲನ್ ಕ್ಲಾರ್ಕ್ ಆಕೆಯ ರೀಟಾ, ಸೂ ಅಂಡ್ ಬಾಬ್ ಟೂ ಚಿತ್ರವನ್ನ ಅಲ್ಲೇ ತೆಗೆದಾಗ ನೆರೆಹೊರೆಯವರೇ ಸಿಟ್ಟಾದರು, ನಮ್ಮ ಮಾನ ಕಳೆದಳು ಅಂತ. ಆಕೆ 1990ರಲ್ಲಿ, 29ನೇ ವಯಸ್ಸಿಗೆ ತೀರಿಕೊಂಡಳು. 2010ರಲ್ಲಿ ಕ್ಲಿಯೊ ಬರ್ನಾರ್ಡ್ ಆ ನಾಟಕದ ಹೆಸರಿನಲ್ಲೇ ಮಾಡಿದ ಚಿತ್ರದಲ್ಲಿ ನಟರು ಬಾಯಿ ಆಡಿಸ್ತಾರೆ, ಧ್ವನಿ ಮಾತ್ರ ಆಕೆಯ ಮಕ್ಕಳದು, ನೆಂಟರದು. ಸಂದರ್ಶನದ ಧ್ವನಿಮುದ್ರಣಕ್ಕೆ ತುಟಿ ಹೊಂದಿಸಿದ್ದು. ನಾಟಕದ ದೃಶ್ಯಗಳನ್ನ ಬರ್ನಾರ್ಡ್ ಅದೇ ಬೀದಿಯ ನಡುವಿನ ಹುಲ್ಲಿನ ಮೇಲೆ ಆಡಿಸಿದರು. ಮನೆಯೊಳಗಿನ ಜಗಳ ಬಯಲಿನಲ್ಲಿ ನಡೆಯುತ್ತೆ. ಸುತ್ತ ಅಲ್ಲಿನ ಜನ ನಿಂತು ನೋಡ್ತಾರೆ, ಕ್ಯಾಮೆರಾ ಅವರನ್ನ ಚೌಕಟ್ಟಿನಿಂದ ಹೊರಗೆ ಹಾಕಲ್ಲ.