ಚಿಲ್ಡೆರಿಕ್ ರಾಜನ ಉಂಗುರ, ಚಿನ್ನದ ಜೇನ್ನೊಣಗಳು

ಕೇಳುಗರಿಗೆ ನಮಸ್ಕಾರ.

ಬೆಲ್ಜಿಯಂನಲ್ಲಿ ಟೂರ್ನೆ ಅಂತ ಒಂದು ಹಳೇ ಊರಿದೆ. 1653ರ ಮೇ 27ರಂದು ಅಲ್ಲಿನ ಒಂದು ಚರ್ಚಿನ ಪಕ್ಕ ಕಟ್ಟಡಕ್ಕೆಂದು ನೆಲ ಅಗೆಯುತ್ತಿದ್ದರು. ಅಗೆಯುತ್ತಿದ್ದವನು ಕಿವಿ ಕೇಳದ, ಮಾತು ಬಾರದ ಒಬ್ಬ ಗಾರೆ ಕೆಲಸದವನು. ಅವನ ಗುದ್ದಲಿಗೆ ಚಿನ್ನ ಸಿಕ್ಕಿತು. ನಾಣ್ಯಗಳು, ಕತ್ತಿ, ಕೊಡಲಿ, ಎಲುಬುಗಳು, ಹೀಗೆ ಒಂದೊಂದಾಗಿ ಮೇಲೆ ಬಂದವು. ಜೊತೆಗೊಂದು ಉಂಗುರ.

ಅದು ಮುದ್ರೆಯುಂಗುರ. ಅರಗಿನ ಮೇಲೆ ಒತ್ತಿದರೆ ಸರಿಯಾಗಿ ಮೂಡಲಿ ಅಂತ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದ್ದರು. ‘ರಾಜ ಚಿಲ್ಡೆರಿಕ್‌ನದು’ ಅಂತ ಲ್ಯಾಟಿನ್‌ನಲ್ಲಿ ಬರೆದಿತ್ತು. ಹೆಸರು ಸಿಕ್ಕಿದ್ದರಿಂದಲೇ ಸಮಾಧಿ ಯಾರದು ಅಂತ ಗೊತ್ತಾಯಿತು. ಇಲ್ಲದಿದ್ದರೆ ಯಾರೋ ಒಬ್ಬ ಸಾಹುಕಾರನ ಗೋರಿ ಅಂತ ಸುಮ್ನೆ ಬಿಟ್ಟುಬಿಡುತ್ತಿದ್ದರೋ ಏನೋ.

ಚಿಲ್ಡೆರಿಕ್ ಅಂದರೆ ಫ್ರಾಂಕರು ಎಂಬ ಜರ್ಮಾನಿಕ್ ಜನರ ರಾಜ, ಅವನ ನಂತರ ಪಟ್ಟಕ್ಕೆ ಬಂದ ಕ್ಲೋವಿಸ್‌ನ ತಂದೆ. ಸತ್ತದ್ದು 481 ಇಲ್ಲವೇ 482ರಲ್ಲಿ. ಪಶ್ಚಿಮದ ರೋಮ್ ಸಾಮ್ರಾಜ್ಯ ಬಿದ್ದು ಐದಾರು ವರ್ಷವಾಗಿತ್ತು ಅಷ್ಟೆ. ಆ ಕಾಲದ ಜರ್ಮಾನಿಕ್ ಜನ ಅಂದರೆ ರೋಮನ್ನು ಕೊಳ್ಳೆ ಹೊಡೆದ ಕಾಡುಜನ ಅಂತ ನಾವು ಓದಿಕೊಂಡು ಬಂದಿದ್ದೇವೆ, ಅಲ್ವಾ? ಈ ಉಂಗುರದ ಚಿತ್ರ ನೋಡಿದ ಮೇಲೆ ನನಗೆ ಆ ಮಾತು ನಂಬೋಕೆ ಆಗಲಿಲ್ಲ. ಅದರಲ್ಲಿ ಕೆತ್ತಿರುವ ರಾಜ ರೋಮನ್ ಸೇನಾಪತಿಯ ಹಾಗೆ ಕವಚ ತೊಟ್ಟಿದ್ದಾನೆ, ಕೈಯಲ್ಲಿ ಈಟಿ ಹಿಡಿದಿದ್ದಾನೆ, ಆದರೆ ಕೂದಲು ಮಾತ್ರ ಉದ್ದಕ್ಕೆ ಹೆಗಲ ಮೇಲೆ ಇಳಿಬಿದ್ದಿದೆ. ಆ ಉದ್ದ ಕೂದಲು ಫ್ರಾಂಕರ ರಾಜಮನೆತನದ ಗುರುತು. ಒಂದೇ ಉಂಗುರದಲ್ಲಿ ಎರಡೂ ಇವೆ.

ಈಗ ನಿಮ್ಮ ಹೆಬ್ಬೆರಳಿನ ಉಗುರು ನೋಡಿಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಉದ್ದದ ಚಿನ್ನದ ಹುಳುಗಳು ಆ ಗೋರಿಯಲ್ಲಿ ಸುಮಾರು 300 ಸಿಕ್ಕಿದವು. ಜೇನ್ನೊಣ ಅನ್ನುವವರಿದ್ದಾರೆ, ಜೀರುಂಡೆ ಅನ್ನುವವರೂ ಇದ್ದಾರೆ. ಮೈ ಚಿನ್ನದ್ದು, ರೆಕ್ಕೆಯಲ್ಲಿ ಗಾರ್ನೆಟ್ ಎಂಬ ಕಡುಗೆಂಪು ಕಲ್ಲು. ಕತ್ತಿಯ ಹಿಡಿಯಲ್ಲೂ ಅದೇ ಕಲ್ಲು. ಆ ಕಾಲದ ಅಕ್ಕಸಾಲಿಗರ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ತೆಳ್ಳನೆಯ ಚಿನ್ನದ ಪಟ್ಟಿಯನ್ನು ನಿಲ್ಲಿಸಿ ಪುಟ್ಟ ಪುಟ್ಟ ಮನೆ ಕಟ್ಟುತ್ತಿದ್ದರು. ಪ್ರತಿ ಮನೆಗೂ ಅಳತೆ ನೋಡಿ ಕಲ್ಲನ್ನು ಬಿಲ್ಲೆಯ ಹಾಗೆ ತೆಳ್ಳಗೆ ಸೀಳಿ ಕೂರಿಸುತ್ತಿದ್ದರು. ಇಂಥ ಎಷ್ಟೋ ಒಡವೆಗಳಲ್ಲಿ ಕಲ್ಲಿನ ಕೆಳಗೆ ಚೌಕುಳಿ ಗೀರು ಹಾಕಿದ ಚಿನ್ನದ ತಗಡು ಇರುತ್ತದೆ. ಬೆಳಕು ಕಲ್ಲಿನೊಳಗೆ ಇಳಿದು, ತಗಡಿಗೆ ಬಡಿದು, ಕೆಂಡದ ಹಾಗೆ ಹೊಳೆಯುತ್ತಾ ಹೊರಗೆ ಬರುತ್ತದೆ.

ಈ ಕಲ್ಲು ಎಲ್ಲಿಂದ ಹೋಗಿತ್ತು ಅಂತೀರಿ? ಫ್ರಾಂಕರ ಕಾಲದ ಗಾರ್ನೆಟ್‌ಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ, ಅವುಗಳಲ್ಲಿ ಜಾಸ್ತಿ ಪಾಲು ಭಾರತ ಮತ್ತು ಶ್ರೀಲಂಕಾದ ಕಲ್ಲುಗಳು ಅಂತ ಗೊತ್ತಾಗಿದೆ. ರೋಮ್ ಬಿದ್ದರೂ ವ್ಯಾಪಾರದ ದಾರಿ ಮುಚ್ಚಿರಲಿಲ್ಲ. ನಮ್ಮ ನೆಲದ ಕಲ್ಲು ಹಡಗು ಹತ್ತಿ ಅಷ್ಟು ದೂರದ ಅರಸರ ಕತ್ತಿಗಳನ್ನು ಸೇರಿತ್ತು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗೋರಿ ಸಿಕ್ಕಾಗ ಟೂರ್ನೆಯ ಸೀಮೆ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಗವರ್ನರ್ ಲಿಯೊಪೋಲ್ಡ್ ವಿಲ್ಹೆಲ್ಮ್ ತನ್ನ ವೈದ್ಯ ಶಿಫ್ಲೆ ಎಂಬವನಿಗೆ ಇದನ್ನೆಲ್ಲ ನೋಡಿ ಬರೆಯಲು ಹೇಳಿದ. ಶಿಫ್ಲೆ 1655ರಲ್ಲೇ ಚಿತ್ರಗಳ ಸಮೇತ ಪುಸ್ತಕ ಅಚ್ಚು ಹಾಕಿಸಿದ. ಆ ಪುಣ್ಯಾತ್ಮನಿಗೆ ನಾವು ಋಣಿಗಳು. ಯಾಕಂದರೆ ಮುಂದೆ ಆದದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಒಡವೆಗಳು ವಿಯೆನ್ನಾಕ್ಕೆ ಹೋದವು, 1665ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆಯಾಗಿ ಪ್ಯಾರಿಸ್ ಸೇರಿದವು. 1804ರಲ್ಲಿ ನೆಪೋಲಿಯನ್ ಪಟ್ಟ ಕಟ್ಟಿಸಿಕೊಳ್ಳುವಾಗ ಇದೇ ಜೇನ್ನೊಣಗಳನ್ನು ನೆನೆದು ತನ್ನ ನಿಲುವಂಗಿಯ ತುಂಬ ಜೇನ್ನೊಣ ಕಸೂತಿ ಹಾಕಿಸಿಕೊಂಡ. 1831ರ ನವೆಂಬರ್‌ನಲ್ಲಿ ಒಂದು ರಾತ್ರಿ, ಈ ಒಡವೆಗಳನ್ನು ಇಟ್ಟಿದ್ದ ಪ್ಯಾರಿಸ್‌ನ ಗ್ರಂಥಾಲಯಕ್ಕೆ ಕಳ್ಳರು ನುಗ್ಗಿದರು. ಕದ್ದ ಚಿನ್ನದಲ್ಲಿ ಬಹಳಷ್ಟನ್ನು ಕರಗಿಸಿಬಿಟ್ಟರು! ಸುಮಾರು 1350 ವರ್ಷ ಹಳೆಯ ಕೆಲಸ, ಬರೀ ಚಿನ್ನದ ಗಟ್ಟಿಯಾಯಿತು. ಸೇನ್ ನದಿಯಲ್ಲಿ ಮುಳುಗಿಸಿಟ್ಟಿದ್ದ ಕೆಲವು ಚೀಲ ಮಾತ್ರ ಪೊಲೀಸರಿಗೆ ಸಿಕ್ಕಿತು. ಇವತ್ತು ಪ್ಯಾರಿಸ್‌ನಲ್ಲಿ ಕತ್ತಿಯ ಒಂದಿಷ್ಟು ಭಾಗಗಳಿವೆ. 300 ಜೇನ್ನೊಣಗಳಲ್ಲಿ ಉಳಿದಿರುವುದು ಎರಡು. ಉಂಗುರವೂ ಹೋಯಿತು. ಹಿಂದೆಯೇ ತೆಗೆದಿಟ್ಟಿದ್ದ ಅದರ ಅಚ್ಚುಗಳಿಂದ, ಶಿಫ್ಲೆಯ ಚಿತ್ರದಿಂದ ನಮಗೆ ಆ ಉದ್ದ ಕೂದಲಿನ ಮುಖ ಗೊತ್ತು.

ಟೂರ್ನೆಯ ನೆಲ ಮಾತ್ರ ಇನ್ನೊಂದಿಷ್ಟನ್ನು ಬಚ್ಚಿಟ್ಟುಕೊಂಡಿತ್ತು. 1980ರ ದಶಕದಲ್ಲಿ ಪುರಾತತ್ವದವರು ಅದೇ ಜಾಗದ ಸುತ್ತ ಮತ್ತೆ ಅಗೆದರು. ರಾಜನ ಗೋರಿಯಿಂದ ಸ್ವಲ್ಪವೇ ದೂರದ ಗುಂಡಿಗಳಲ್ಲಿ 20ಕ್ಕೂ ಜಾಸ್ತಿ ಕುದುರೆಗಳ ಎಲುಬುಗಳು ಹೂತದ್ದು ಹೂತ ಹಾಗೇ ಇದ್ದವು.

ನಮಸ್ಕಾರ.